ಮನಸ್ಸಿಗಾದ ಗಾಯ: ಜೀವನದಲ್ಲಿಯೂ ಸಾಹಿತ್ಯದಲ್ಲಿಯೂ

ದೇಹಕ್ಕೆ ಪೆಟ್ಟು ಬಿದ್ದರೆ ರಕ್ತ ಒಸರುತ್ತದೆ, ಬಾವು ಬರುತ್ತದೆ. ನೋಡಿದವರು ‘ಅಯ್ಯೋ’ ಎನ್ನುತ್ತಾರೆ, ಕುಳ್ಳಿರಿಸಿ ನೀರು ಕೊಡುತ್ತಾರೆ, ವೈದ್ಯರಲ್ಲಿಗೆ ಕರೆದೊಯ್ಯುತ್ತಾರೆ. ಮನಸ್ಸಿಗೆ ಪೆಟ್ಟು ಬಿದ್ದರೆ ಇಂತಹ ಯಾವ ಗುರುತೂ ಹೊರಗೆ ತೋರುವುದಿಲ್ಲ. ಗಾಯಗೊಂಡವರು ಎದ್ದು ನಡೆದಾಡುತ್ತಾರೆ, ಅಡಿಗೆ ಮಾಡುತ್ತಾರೆ, ಕಛೇರಿಗೆ ಹೋಗುತ್ತಾರೆ. ‘ದೇವರ ದಯೆ, ಏನೂ ಆಗಲಿಲ್ಲವಲ್ಲ’ ಎಂದು ನೆಂಟರಿಷ್ಟರು ಸಮಾಧಾನ ಹೇಳಿ ಹೊರಟುಹೋಗುತ್ತಾರೆ. ಆದರೆ ಆಗಬೇಕಾದ ಕೇಡು ಒಳಗೆ ಆಗಿಯೇ ಇರುತ್ತದೆ.

ಈ ಲೇಖಕನು ವೈದ್ಯನಲ್ಲ, ಸಾಹಿತ್ಯದ ವಿದ್ವಾಂಸನೂ ಅಲ್ಲ. ವಾಣಿಜ್ಯಶಾಸ್ತ್ರವನ್ನು ಓದಿ ಬ್ಯಾಂಕಿನಲ್ಲಿ ಲೆಕ್ಕಪತ್ರಗಳ ನಡುವೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದವನು. ಆದರೂ ಈ ವಿಷಯವನ್ನು ಕುರಿತು ಬರೆಯಲು ಮುಂದಾದುದಕ್ಕೆ ಕಾರಣ, ಇದು ನನ್ನ ಮನೆಯೊಳಗೇ ನಡೆದದ್ದು. ಮೂರು ವರ್ಷಗಳ ಕಾಲ ನನ್ನ ಕಣ್ಣೆದುರಿಗಿದ್ದರೂ ನನಗೆ ಕಾಣಿಸದೆ ಹೋದದ್ದು. ಇಂತಹುದೇ ನಮ್ಮ ಸಂಘದ ಇತರ ಸದಸ್ಯರ ಮನೆಗಳಲ್ಲಿಯೂ ಇರಬಹುದೆಂದು ತೋರಿದುದರಿಂದ, ಓದಿ ತಿಳಿದುದನ್ನೂ ಕಂಡು ತಿಳಿದುದನ್ನೂ ಇಲ್ಲಿ ಸೇರಿಸಿ ಬರೆದಿದ್ದೇನೆ.

1. ಒಂದು ಮನೆಯ ವೃತ್ತಾಂತ

2015ನೆಯ ಇಸವಿ ಡಿಸೆಂಬರ್ 1ರ ರಾತ್ರಿಯನ್ನು ಚೆನ್ನೈಯಲ್ಲಿದ್ದವರಾರೂ ಮರೆಯಲಾರರು. ತಾಂಬರದಲ್ಲಿ ಒಂದೇ ದಿನದಲ್ಲಿ 49 ಸೆಂಟಿಮೀಟರ್ ಮಳೆ ಬಿದ್ದಿತು. ಚೆಂಬರಂಬಾಕ್ಕಂ ಕೆರೆಯ ಬಾಗಿಲುಗಳನ್ನು ತೆರೆದರು. ಅಡಯಾರು ನದಿ ದಂಡೆ ಮೀರಿ ಜಾಫರ್‌ಖಾನ್‌ಪೇಟೆ, ಸೈದಾಪೇಟೆ, ಕೋಟ್ಟೂರುಪುರಂ ಮೊದಲಾದ ಬಡಾವಣೆಗಳಿಗೆ ನುಗ್ಗಿತು. ಆಗ ನಾವು ಜಾಫರ್‌ಖಾನ್‌ಪೇಟೆಯ ಒಂದು ಬಾಡಿಗೆ ಮನೆಯ ನೆಲ ಅಂತಸ್ತಿನಲ್ಲಿದ್ದೆವು. ನಾನು ಶಾಖೆಯಲ್ಲಿಯೂ ನನ್ನ ಪತ್ನಿ ತನ್ನ ಕಛೇರಿಯಲ್ಲಿಯೂ ಸಿಕ್ಕಿಬಿದ್ದಿದ್ದೆವು. ಮನೆಯಲ್ಲಿದ್ದವರು ಅರವತ್ತೆಂಟು ವರ್ಷದ ನನ್ನ ತಾಯಿ ಮತ್ತು ಎಂಟು ವರ್ಷದ ನನ್ನ ಮಗಳು.

ನೀರು ಹೊಸ್ತಿಲು ದಾಟಿದಾಗ ತಾಯಿ ಮೊಮ್ಮಗಳ ಕೈಹಿಡಿದು ಮೇಲಂತಸ್ತಿನ ಮಾಲೀಕರ ಮನೆಗೆ ಏರಿದರು. ಕತ್ತಲೆಯಲ್ಲಿ, ಕೆಳಗೆ ಪಾತ್ರೆಪಡಗಗಳು ತೇಲಿ ಗೋಡೆಗೆ ಬಡಿಯುವ ಸದ್ದನ್ನು ಕೇಳುತ್ತ ರಾತ್ರಿ ಕಳೆದರು. ಮರುದಿನ ಮಧ್ಯಾಹ್ನ ದೋಣಿಯಲ್ಲಿ ಅವರನ್ನು ಕರೆತಂದರು. ಇಬ್ಬರ ಮೈಮೇಲೂ ಒಂದು ತರಚುಗಾಯವೂ ಇರಲಿಲ್ಲ. ‘ಹೋದದ್ದು ಸಾಮಾನು, ಉಳಿದದ್ದು ಜೀವ’ ಎಂದು ನಾವೆಲ್ಲ ಸಮಾಧಾನಪಟ್ಟುಕೊಂಡೆವು. ಮುಂದಿನ ವಾರಗಳಲ್ಲಿ ನಾನು ಶಾಖೆಯಲ್ಲಿ ಗ್ರಾಹಕರ ನೆನೆದ ಪಾಸ್‌ಬುಕ್ಕುಗಳನ್ನೂ ಠೇವಣಿ ರಸೀದಿಗಳನ್ನೂ ಫ್ಯಾನಿನ ಕೆಳಗೆ ಒಣಗಿಸುವುದರಲ್ಲಿ ಮಗ್ನನಾದೆ. ನನ್ನ ತಾಯಿಯ ಒಳಗೆ ನೆನೆದುಹೋದದ್ದರ ಕಡೆಗೆ ನನ್ನ ಗಮನ ಹರಿಯಲಿಲ್ಲ.

ಕೆಲವು ತಿಂಗಳ ಮೇಲೆ ನಾವು ಬೇರೆ ಬಡಾವಣೆಯಲ್ಲಿ ಎರಡನೆಯ ಅಂತಸ್ತಿನ ಮನೆಗೆ ಹೋದೆವು. ಅಲ್ಲಿಯೂ ಮಳೆಯ ಸದ್ದಾದರೆ ತಾಯಿ ಎದ್ದು ಕುಳಿತುಕೊಳ್ಳುತ್ತಿದ್ದರು. ಮನೆಯ ಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ದಿಂಬಿನ ಕೆಳಗಿಟ್ಟುಕೊಳ್ಳುತ್ತಿದ್ದರು. ನಲ್ಲಿಯನ್ನು ಯಾರಾದರೂ ಜೋರಾಗಿ ಬಿಟ್ಟರೆ ಬೆಚ್ಚುತ್ತಿದ್ದರು. ಹಳೆಯ ಬಡಾವಣೆಯ ಕಡೆಗೆ ಹೋಗಬೇಕಾದ ಬಸ್ಸನ್ನು ಹತ್ತಲೊಲ್ಲರು. ಮೊದಲು ದಿನವೂ ಹಾಡುತ್ತಿದ್ದ ದೇವರನಾಮವನ್ನು ನಿಲ್ಲಿಸಿಬಿಟ್ಟರು. ರಕ್ತದ ಒತ್ತಡವೆಂದೂ ನಿದ್ರೆ ಬಾರದೆಂದೂ ವೈದ್ಯರೊಬ್ಬರಲ್ಲಿ ತೋರಿಸಿದೆವು, ಮಾತ್ರೆಗಳನ್ನು ಕೊಟ್ಟರು. ಆ ರಾತ್ರಿಯ ವಿಷಯವನ್ನು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ‘ವಯಸ್ಸಾಯಿತು, ಹಟ ಹೆಚ್ಚಾಯಿತು’ ಎಂದು ನಾನು ತೀರ್ಮಾನಿಸಿದ್ದೆ.

ಗಮನಿಸತಕ್ಕ ಸಂಗತಿಯೆಂದರೆ, ಅದೇ ರಾತ್ರಿಯನ್ನು ಅದೇ ಮನೆಯಲ್ಲಿ ಕಳೆದ ನನ್ನ ಮಗಳಿಗೆ ಒಂದೆರಡು ತಿಂಗಳಲ್ಲಿ ಭಯ ಬಿಟ್ಟುಹೋಯಿತು. ಅವಳು ಆ ಕಥೆಯನ್ನು ಶಾಲೆಯಲ್ಲಿ, ಗೆಳತಿಯರಲ್ಲಿ, ಫೋನಿನಲ್ಲಿ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ದೋಣಿಯ ಚಿತ್ರವನ್ನು ಎಷ್ಟು ಸಲ ಬರೆದಳೋ ತಿಳಿಯದು. ತಾಯಿಯಾದರೋ ಒಮ್ಮೆಯೂ ಹೇಳಿರಲಿಲ್ಲ.

2. ಆಘಾತವೆಂದರೆ ಏನು?

ಇಂಗ್ಲಿಷಿನಲ್ಲಿ ‘ಟ್ರಾಮಾ’ ಎನ್ನುವ ಶಬ್ದದ ಮೂಲ ಗ್ರೀಕ್ ಭಾಷೆಯದು. ಅದರ ಅರ್ಥ ‘ಗಾಯ’ ಎಂದೇ. ಪ್ರಾಣಭಯ, ಘೋರವಾದ ಅಪಘಾತ, ಪ್ರಕೃತಿವಿಕೋಪ, ಹಿಂಸೆ, ಅತ್ಯಾಚಾರ, ಪ್ರಿಯರ ದುರ್ಮರಣವನ್ನು ಕಣ್ಣಾರೆ ಕಾಣುವುದು - ಇಂತಹ ಸಂದರ್ಭಗಳಲ್ಲಿ ಮನಸ್ಸಿನ ತಾಳಿಕೆಯನ್ನು ಮೀರಿದ ಪೆಟ್ಟು ಬೀಳುತ್ತದೆ. ಅದನ್ನೇ ಮಾನಸಿಕ ಆಘಾತವೆನ್ನುವುದು.

ಇದಕ್ಕೆ ಪಾಶ್ಚಾತ್ಯ ವೈದ್ಯರು ಒಂದೇ ಹೆಸರನ್ನು ಇಡಲು ಬಹಳ ಕಾಲ ಹಿಡಿಯಿತು. ಮೊದಲನೆಯ ಮಹಾಯುದ್ಧದಲ್ಲಿ ಮೈಮೇಲೆ ಗಾಯವಿಲ್ಲದೆ ನಡುಗುವ, ಮಾತು ಹೊರಡದ, ದುಃಸ್ವಪ್ನಗಳಿಂದ ಚೀರುವ ಸೈನಿಕರನ್ನು ಕಂಡು, 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ‘ಶೆಲ್ ಷಾಕ್’ ಎಂಬ ಹೆಸರಿನಲ್ಲಿ ಬರೆದರು. ಫಿರಂಗಿಯ ಗುಂಡು ಸಿಡಿದ ಅದಿರಿನಿಂದ ಹೀಗಾಗುವುದೆಂದು ಆಗ ಊಹಿಸಿದ್ದರು. ಹಲವು ಸೇನಾಧಿಕಾರಿಗಳು ಇದನ್ನು ಹೇಡಿತನವೆಂದೇ ಬಗೆದರು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡನ್ನು ಕಂಡ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಇದನ್ನು ತನ್ನ ರೋಗಪಟ್ಟಿಯಲ್ಲಿ ಸೇರಿಸಿತು. ಅದಕ್ಕೆ ಈಗ ‘ಪಿ.ಟಿ.ಎಸ್.ಡಿ.’ ಎಂದು ಹೆಸರು. ಕನ್ನಡದಲ್ಲಿ ‘ಆಘಾತೋತ್ತರ ಒತ್ತಡದ ಬೇನೆ’ ಎನ್ನಬಹುದು.

2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವು ಈ ಬೇನೆಗೆ ಮೂರು ಮುಖ್ಯ ಲಕ್ಷಣಗಳನ್ನು ಹೇಳುತ್ತದೆ:

ಒಂದು, ಮರುಕಳಿಕೆ. ಆದದ್ದು ಬರಿಯ ನೆನಪಾಗಿ ಬಾರದೆ, ಈಗಲೇ ನಡೆಯುತ್ತಿರುವಂತೆ ಕಣ್ಣೆದುರಿಗೆ ಅಥವಾ ಕನಸಿನಲ್ಲಿ ಬರುವುದು.

ಎರಡು, ತಪ್ಪಿಸಿಕೊಳ್ಳುವಿಕೆ. ಅದನ್ನು ನೆನಪಿಗೆ ತರುವ ಸ್ಥಳ, ವ್ಯಕ್ತಿ, ಮಾತುಗಳಿಂದ ದೂರ ಸರಿಯುವುದು.

ಮೂರು, ಬಿಡದ ಎಚ್ಚರ. ಅಪಾಯವು ಕಳೆದಿದ್ದರೂ ಎದುರಿಗೇ ಇದೆಯೆಂಬಂತೆ ಸದಾ ಬೆಚ್ಚುವುದು, ಕಾವಲು ಕಾಯುವುದು.

ಈ ಲಕ್ಷಣಗಳು ಹಲವು ವಾರಗಳಾದರೂ ಇಳಿಯದೆ ನಿತ್ಯಜೀವನವನ್ನು ಕೆಡಿಸಿದರೆ ಅದು ಬೇನೆಯೆನಿಸುತ್ತದೆ. ದಿಂಬಿನ ಕೆಳಗಿನ ಚೀಲ, ಹತ್ತಲೊಲ್ಲದ ಬಸ್ಸು, ನಲ್ಲಿಯ ಸದ್ದಿಗೆ ಬೆಚ್ಚುವುದು - ಇವನ್ನು ಈ ಮೂರರ ಪಕ್ಕದಲ್ಲಿಟ್ಟು ನೋಡಿದರೆ ಓದುಗರಿಗೆ ವಿವರಣೆ ಬೇಕಾಗದು. ಇವಲ್ಲದೆ ತಲೆನೋವು, ಎದೆಬಡಿತ, ಹೊಟ್ಟೆಯ ತೊಂದರೆ, ಕಾರಣವಿಲ್ಲದ ಸಿಟ್ಟು, ಮಂಕು, ಕುಡಿತದ ಮೊರೆಹೋಗುವುದು, ‘ನಾನೇಕೆ ಉಳಿದೆ’ ಎಂಬ ಅಪರಾಧಭಾವ ಇವೂ ಜೊತೆಗೂಡುವುದುಂಟು.

3. ಒಳಗೆ ನಡೆಯುವ ಕಾರ್ಯ

ನಮ್ಮ ಮಿದುಳಿನಲ್ಲಿ ಬಾದಾಮಿಯಷ್ಟು ಗಾತ್ರದ ಅಮಿಗ್ಡಲ ಎಂಬ ಭಾಗವು ಅಪಾಯದ ಗಂಟೆಯನ್ನು ಬಾರಿಸುತ್ತದೆ. ಆಗ ಅಡ್ರಿನಲಿನ್ ಮೊದಲಾದ ರಸಗಳು ರಕ್ತಕ್ಕೆ ಸೇರಿ ಎದೆ ಬಡಿದುಕೊಳ್ಳುತ್ತದೆ, ಸ್ನಾಯುಗಳು ಬಿಗಿಯುತ್ತವೆ. ದೇಹವು ಓಡಲೋ ಹೋರಾಡಲೋ ಸಿದ್ಧವಾಗುತ್ತದೆ. ಅದರ ನೆರೆಯಲ್ಲಿರುವ ಹಿಪ್ಪೊಕ್ಯಾಂಪಸ್ ಎಂಬ ಭಾಗವು ಅನುಭವಕ್ಕೆ ದೇಶಕಾಲಗಳ ಗುರುತನ್ನು ಹಚ್ಚಿ ನೆನಪಾಗಿ ಜೋಡಿಸಿಡಲು ನೆರವಾಗುತ್ತದೆ. ಮಿದುಳಿನ ಮುಂಭಾಗವು ‘ಅಪಾಯ ಕಳೆಯಿತು, ಸುಮ್ಮನಾಗು’ ಎಂದು ಆ ಗಂಟೆಯನ್ನು ನಿಲ್ಲಿಸುತ್ತದೆ. ಪೆಟ್ಟು ಅತಿಯಾದಾಗ ಈ ಹೊಂದಾಣಿಕೆ ತಪ್ಪುವುದೆಂದು ವಿಜ್ಞಾನಿಗಳ ಅಭಿಪ್ರಾಯ. ಗಂಟೆ ನಿಲ್ಲದು, ನೆನಪು ಚೂರುಚೂರಾಗಿ, ದಿನಾಂಕವಿಲ್ಲದೆ ಉಳಿಯುತ್ತದೆ.

ನನ್ನ ಕಸುಬಿನ ಮಾತಿನಲ್ಲಿ ಹೇಳುವುದಾದರೆ: ಬ್ಯಾಂಕಿನಲ್ಲಿ ದಿನದ ಪ್ರತಿಯೊಂದು ವ್ಯವಹಾರವೂ ತನ್ನ ತನ್ನ ಖಾತೆಗೆ ಸೇರಬೇಕು. ಯಾವ ಖಾತೆಗೆ ಸೇರಿದ್ದೆಂದು ತಿಳಿಯದ ಮೊತ್ತವನ್ನು ತಾತ್ಕಾಲಿಕವಾಗಿ ‘ಸಸ್ಪೆನ್ಸ್ ಖಾತೆ’ಯಲ್ಲಿ ಇಡುತ್ತೇವೆ. ಅದು ಅಲ್ಲಿರುವಷ್ಟು ಕಾಲ ತಪಾಸಣೆಗೆ ಬಂದವರು ಅದನ್ನೇ ಎತ್ತಿ ಕೇಳುತ್ತಾರೆ. ಸಾಮಾನ್ಯವಾದ ದುಃಖವು ಕಾಲಕ್ರಮದಲ್ಲಿ ತನ್ನ ಖಾತೆಗೆ ಸೇರಿ ‘ಹಿಂದೆ ನಡೆದದ್ದು’ ಎಂದಾಗುತ್ತದೆ. ಆಘಾತವಾದರೋ ಸಸ್ಪೆನ್ಸ್ ಖಾತೆಯಲ್ಲಿಯೇ ನಿಂತುಬಿಡುತ್ತದೆ. ಪ್ರತಿ ಮಳೆಗಾಲವೂ ತಪಾಸಣೆಯಾಗುತ್ತದೆ. ಚಿಕಿತ್ಸೆಯೆಂದರೆ ಆ ಮೊತ್ತವನ್ನು ಅಳಿಸುವುದಲ್ಲ, ಅಳಿಸಲು ಸಾಧ್ಯವೂ ಇಲ್ಲ. ಅದನ್ನು ಸರಿಯಾದ ದಿನಾಂಕದೊಡನೆ ಸರಿಯಾದ ಪುಟದಲ್ಲಿ ಬರೆಯುವುದು.

4. ನಮ್ಮ ನೆಲದ ದುರಂತಗಳು ಕಲಿಸಿದ ಪಾಠ

ಇವು ಹೊರದೇಶದವರ ಬೇನೆಗಳು, ನಮ್ಮವರು ಗಟ್ಟಿಗರು, ಎಂದು ಭಾವಿಸುವುದು ಸರಿಯಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ, 90ಕ್ಕೂ ಹೆಚ್ಚು ಜನ ಮಡಿದರು. ಅವರಲ್ಲಿ ಬಹುಪಾಲು ಮಕ್ಕಳು. ಮಕ್ಕಳನ್ನೂ ಬಂಧುಗಳನ್ನೂ ಕಳೆದುಕೊಂಡವರ ಶೋಕವನ್ನು ನಿಮ್ಹಾನ್ಸ್ ಸಂಸ್ಥೆಯವರು ಅಧ್ಯಯನ ಮಾಡಿದರು. ದೊಡ್ಡ ದುರಂತದ ನಂತರ ಉಳಿದವರ ಮನಸ್ಸನ್ನು ಕುರಿತು ನಮ್ಮ ದೇಶದಲ್ಲಿ ನಡೆದ ಆರಂಭದ ಅಧ್ಯಯನಗಳಲ್ಲಿ ಇದೊಂದು. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿದಾಗ, ನಿಮ್ಹಾನ್ಸಿನ ಮನೋವೈದ್ಯರು ಅಲ್ಲಿಗೆ ಹೋಗಿ ಸಾಮಾನ್ಯ ವೈದ್ಯರಿಗೆ ಮನಸ್ಸಿನ ಬೇನೆಗಳನ್ನು ಗುರುತಿಸುವ ತರಬೇತಿಯನ್ನು ಕೊಟ್ಟರು. ಶ್ವಾಸಕೋಶದ ಚಿಕಿತ್ಸೆಯೊಂದೇ ಸಾಲದೆಂಬುದು ಅಲ್ಲಿ ಸ್ಪಷ್ಟವಾಯಿತು.

2004ರ ಡಿಸೆಂಬರ್ 26, ಭಾನುವಾರ ಬೆಳಿಗ್ಗೆ ಸುನಾಮಿ ನಮ್ಮ ಮರೀನಾಕ್ಕೇ ಬಂದಿತು. ತಮಿಳುನಾಡಿನಲ್ಲಿ ಸುಮಾರು 8,000 ಜನ ಸತ್ತರು. ನಾಗಪಟ್ಟಣ ಜಿಲ್ಲೆಗೆ ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದಿತು. ತಲೆತಲಾಂತರದಿಂದ ಕಡಲನ್ನೇ ತಾಯಿಯೆಂದು ನಂಬಿದ ಮೀನುಗಾರರು ಕಡಲಿಗೆ ಬೆನ್ನು ಹಾಕಿ ಕುಳಿತರು. ಚೆನ್ನೈಯಲ್ಲಿ ಡಾ. ಲಕ್ಷ್ಮೀ ವಿಜಯಕುಮಾರ್ ಅವರು 1986ರಲ್ಲಿ ಸ್ಥಾಪಿಸಿದ ‘ಸ್ನೇಹಾ’ ಸಂಸ್ಥೆಯು, ವೈದ್ಯರಲ್ಲದ ಸ್ವಯಂಸೇವಕರಿಗೆ ತರಬೇತಿ ಕೊಟ್ಟು, ಕಡಲಂಚಿನ ಕುಪ್ಪಗಳಲ್ಲಿ ಬಂಧುಗಳನ್ನು ಕಳೆದುಕೊಂಡವರ ಬಳಿಗೆ ಕಳುಹಿಸಿತು. ಅವರು ಮುಖ್ಯವಾಗಿ ಮಾಡಿದ ಕೆಲಸ, ಆತುರಪಡದೆ ಕುಳಿತು ಕೇಳಿಸಿಕೊಂಡದ್ದು. ಅದರಿಂದ ದುಃಖಿತರಿಗೆ ಪ್ರಯೋಜನವಾಯಿತೆಂಬುದನ್ನು ಅಳೆದು ಪ್ರಕಟಿಸಿಯೂ ಇದ್ದಾರೆ.

ಈ ದುರಂತಗಳಿಂದ ಕಲಿಯತಕ್ಕ ಪಾಠಗಳು ಎರಡು. ಮೊದಲನೆಯದು, ಪೆಟ್ಟು ತಿಂದವರಲ್ಲಿ ಹೆಚ್ಚಿನವರು ಮನೆಯವರ, ನೆರೆಯವರ ಆಸರೆಯಿಂದ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಎಲ್ಲರಿಗೂ ಮದ್ದು ಬೇಡ. ಎರಡನೆಯದು, ಚೇತರಿಸಿಕೊಳ್ಳದೆ ಉಳಿಯುವವರು ಸದ್ದಿಲ್ಲದವರು. ಅವರನ್ನು ನಾವೇ ಹುಡುಕಬೇಕು.

5. ಕವಿಗಳು ಮೊದಲೇ ಕಂಡದ್ದು

ವೈದ್ಯಶಾಸ್ತ್ರವು 1980ರಲ್ಲಿ ಹೆಸರಿಟ್ಟದ್ದನ್ನು ನಮ್ಮ ಕವಿಗಳು ಸಾವಿರ ವರ್ಷಗಳ ಹಿಂದೆಯೇ ಕಂಡಿದ್ದರು. ಹತ್ತನೆಯ ಶತಮಾನದ ರನ್ನಕವಿ, ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದವನು, ತನ್ನ ‘ಗದಾಯುದ್ಧ’ದಲ್ಲಿ ಸೋತ ದುರ್ಯೋಧನನನ್ನು ರಣಭೂಮಿಯ ಮೇಲೆ ನಡೆಸುತ್ತಾನೆ. ಭೀಷ್ಮರನ್ನು ಕಾಣಲು ಹೊರಟ ಅವನ ಕಾಲಿಗೆ ತನ್ನವರ ಹೆಣಗಳೇ ತೊಡರುತ್ತವೆ. ಗುರು ದ್ರೋಣನನ್ನು ಕಾಣುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವನ್ನು ಕಂಡು ಕೈಮುಗಿದು ಮೆಚ್ಚುತ್ತಾನೆ. ಅನಂತರ ತನ್ನ ಮಗ ಲಕ್ಷ್ಮಣಕುಮಾರ. ತಂದೆಗೆ ಮಗ ನೀರು ಬಿಡಬೇಕಾದಲ್ಲಿ ತಂದೆಯೇ ಮಗನಿಗೆ ಬಿಡಬೇಕಾಯಿತೆಂದು ಗೋಳಾಡುತ್ತಾನೆ. ತಮ್ಮ ದುಶ್ಶಾಸನನನ್ನು ಕಂಡಾಗಲೂ ಇದೇ ಸಂಕಟ: ತಾಯಿಯ ಹಾಲು ಕುಡಿಯುವುದರಿಂದ ಹಿಡಿದು ಎಲ್ಲದರಲ್ಲಿಯೂ ಅಣ್ಣನ ಹಿಂದೆ ಬಂದವನು, ಸಾವಿನಲ್ಲಿ ಮಾತ್ರ ಮುಂದೆ ಹೋದನಲ್ಲ! ಕರ್ಣನ ಬಳಿಯಲ್ಲಿ ಅವನ ದುಃಖಕ್ಕೆ ಕೊನೆಯೇ ಇಲ್ಲ.

ರನ್ನನು ಮತ್ತೆ ಮತ್ತೆ ಎತ್ತಿ ಹೇಳುವ ಸಂಗತಿ ‘ಕ್ರಮ ತಪ್ಪಿತು’ ಎಂಬುದು. ಆಘಾತದ ಸಾರವೂ ಇದೇ. ಹಿಂದಿನದು ಹಿಂದೆ, ಮುಂದಿನದು ಮುಂದೆ ಎಂಬ ಲೋಕದ ಕ್ರಮವೇ ಮುರಿದುಬೀಳುತ್ತದೆ. ಇನ್ನೊಂದು ಸಂಗತಿಯೂ ಗಮನಾರ್ಹ. ಆ ಕತ್ತಲೆಯ ನಡಿಗೆಯಲ್ಲಿ ರನ್ನನು ದುರ್ಯೋಧನನನ್ನು ಒಬ್ಬಂಟಿಯಾಗಿ ಕಳುಹಿಸಲಿಲ್ಲ; ಜೊತೆಯಲ್ಲಿ ಸಂಜಯನನ್ನು ಕಳುಹಿಸಿದ್ದಾನೆ. ಸತ್ತವರನ್ನು ಸಂಜಯನು ಬದುಕಿಸಲಾರ, ಯುದ್ಧವನ್ನು ಗೆಲ್ಲಿಸಲಾರ. ಅವನು ಜೊತೆಗೆ ನಡೆಯುತ್ತಾನೆ, ಕೇಳುತ್ತಾನೆ. ದುರ್ಯೋಧನನು ಮಾಡಿದ ಪಾಪ ಸಣ್ಣದಲ್ಲ. ಆದರೂ ಅವನ ದುಃಖಕ್ಕೂ ಒಂದು ಕಿವಿ ಬೇಕೆಂದು ಕವಿ ತಿಳಿದಿದ್ದ.

ನಮ್ಮ ಕಾಲಕ್ಕೆ ಬಂದರೆ, ಬೇಂದ್ರೆಯವರು ಹಲವು ಮಕ್ಕಳನ್ನು ಎಳವೆಯಲ್ಲಿಯೇ ಕಳೆದುಕೊಂಡವರು. ಮಗುವಿನ ಸಾವಿನ ಸನ್ನಿಧಿಯಲ್ಲಿ ಮಾತನ್ನೇ ಕಳೆದುಕೊಂಡ ಮಡದಿಯ ನೋಟವನ್ನು ಎದುರಿಸಲಾಗದ ಗಂಡನ ತಳಮಳವನ್ನು ಅವರು ಧಾರವಾಡದ ಆಡುಮಾತಿನಲ್ಲಿಯೇ ಹಾಡಿದರು. ಗ್ರಂಥಭಾಷೆಯಲ್ಲಿ ಆ ನೋವನ್ನು ಹೇಳಲು ಬಹುಶಃ ಅವರಿಗೂ ಆಗಲಿಲ್ಲ.

2025ರಲ್ಲಿ ನಮ್ಮನ್ನು ಅಗಲಿದ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವು 1970ರಲ್ಲಿ ಪ್ರಕಟವಾಯಿತು. ಅದರ ನಂಜಮ್ಮನು ಶಾನುಭೋಗಿಕೆಯ ಲೆಕ್ಕ ಬರೆದು ಮನೆಯನ್ನು ನಡೆಸುವ ಗಟ್ಟಿಗಿತ್ತಿ. ಲೆಕ್ಕ ಬರೆಯುವ ನನಗೆ ಅವಳಲ್ಲಿ ವಿಶೇಷವಾದ ಗೌರವವಿದೆ. ಪ್ಲೇಗು ಅವಳ ಮಗಳನ್ನೂ ಮಗನನ್ನೂ ಕೊಂಡೊಯ್ಯುತ್ತದೆ; ಕೊನೆಗೆ ಅವಳನ್ನೂ. ಭೈರಪ್ಪನವರು ಬಾಲ್ಯದಲ್ಲಿ ತಮ್ಮ ಒಡಹುಟ್ಟಿದವರನ್ನು ಪ್ಲೇಗಿನಲ್ಲಿ ಕಳೆದುಕೊಂಡ ಸಂಗತಿಯನ್ನು ‘ಭಿತ್ತಿ’ ಎಂಬ ಆತ್ಮಕಥೆಯಲ್ಲಿ ಬರೆದಿದ್ದಾರೆ. ಬಾಲಕನು ಅನುಭವಿಸಿದ್ದನ್ನು, ನಡುಹರೆಯದ ಬರೆಹಗಾರನು ದಶಕಗಳ ಮೇಲೆ ಕಥೆಯಾಗಿ ಜೋಡಿಸಿದನು. ಚೂರಾದ ನೆನಪಿಗೆ ಮೊದಲು, ನಡು, ಕೊನೆಗಳನ್ನು ಕೊಡುವುದೇ ಕಥೆ. ಸಾಹಿತ್ಯವು ಗಾಯವನ್ನು ಮಾಯಿಸುತ್ತದೆಂದು ನಾನು ಹೇಳಲಾರೆ. ಆದರೆ ಗಾಯಕ್ಕೆ ಕ್ರಮವನ್ನು ಮರಳಿಸುತ್ತದೆ. ಮನೋವೈದ್ಯರು ಹೇಳುವುದೂ ಇದಕ್ಕೆ ದೂರವಲ್ಲ. ಅಮೆರಿಕದ ಜೂಡಿತ್ ಹರ್ಮನ್ 1992ರ ತಮ್ಮ ಗ್ರಂಥದಲ್ಲಿ ಚೇತರಿಕೆಗೆ ಮೂರು ಮೆಟ್ಟಿಲುಗಳನ್ನು ಹೇಳುತ್ತಾರೆ: ಮೊದಲು ಸುರಕ್ಷತೆ, ಅನಂತರ ನೆನೆದು ಅಳುವುದು, ಕೊನೆಗೆ ಜನರೊಡನೆ ಮರಳಿ ಬೆರೆಯುವುದು.

6. ಪರಸ್ಥಳದಲ್ಲಿರುವ ನಮ್ಮ ವಿಷಯ

ಊರಿನಲ್ಲಿದ್ದರೆ ದುಃಖ ಬಂದ ಮನೆಗೆ ಹತ್ತು ಜನ ಬರುತ್ತಾರೆ. ಜಗಲಿಯ ಮೇಲೆ ಕುಳಿತು ‘ಹೇಗಾಯಿತು?’ ಎಂದು ಕೇಳುತ್ತಾರೆ. ಅದೇ ಕಥೆಯನ್ನು ಹತ್ತು ಸಲ ಹೇಳಿ, ಹತ್ತು ಸಲ ಅತ್ತು, ಭಾರ ಇಳಿಯುತ್ತದೆ. ನಗರದಲ್ಲಿ, ಅದರಲ್ಲಿಯೂ ಭಾಷೆ ಬೇರೆಯಾದ ನಗರದಲ್ಲಿ, ಜಗಲಿಯೂ ಇಲ್ಲ, ಕೇಳುವವರೂ ಇಲ್ಲ. ನಮ್ಮಂತಹ ಉದ್ಯೋಗಸ್ಥರು ತಮಿಳನ್ನೂ ಇಂಗ್ಲಿಷನ್ನೂ ಹೇಗೋ ನಿಭಾಯಿಸುತ್ತೇವೆ. ಆದರೆ ವಯಸ್ಸಾದ ಮೇಲೆ ಮಕ್ಕಳ ಜೊತೆಗಿರಲು ಊರು ಬಿಟ್ಟು ಬಂದ ತಂದೆತಾಯಿಯರ ಗತಿಯೇನು? ತರಕಾರಿ ಕೊಳ್ಳುವಷ್ಟು ತಮಿಳು ಅವರಿಗೆ ಬರಬಹುದು. ಎದೆಯೊಳಗಿನದನ್ನು ಹೇಳಲು ಅದು ಸಾಲದು.

ನನ್ನ ತಾಯಿಗೆ ಆದದ್ದೂ ಇದೇ. 2018ರಲ್ಲಿ ನಮ್ಮ ಸಂಘದ ಹಿರಿಯರೊಬ್ಬರು ತಾಯಿಯ ಸ್ಥಿತಿಯನ್ನು ಕಂಡು, ಮೈಸೂರಿನಲ್ಲಿ ಓದಿದ, ಕನ್ನಡ ಬಲ್ಲ ಮನೋವೈದ್ಯೆಯೊಬ್ಬರಲ್ಲಿಗೆ ಹೋಗಲು ಹೇಳಿದರು. ‘ನಾನೇನು ಹುಚ್ಚಿಯೇ?’ ಎಂದು ತಾಯಿ ನೊಂದುಕೊಂಡರು. ಆದರೂ ಬಂದರು. ವೈದ್ಯೆಯು ‘ಅಮ್ಮಾ, ಮಳೆ ಬಂದರೆ ಏನು ಕೇಳಿಸುತ್ತೆ ನಿಮಗೆ?’ ಎಂದು ಕೇಳಿದರು. ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದ್ದನ್ನು ನಾನು ಅಂದೇ ಮೊದಲ ಬಾರಿಗೆ ಕೇಳಿದೆ.

ಆ ರಾತ್ರಿ ನೀರು ಬರುವುದಕ್ಕೆ ಸ್ವಲ್ಪ ಮುಂಚೆ, ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ತಮಿಳು ಅಜ್ಜಿಯೊಬ್ಬರು ಕಿಟಕಿಯ ಬಳಿ ಬಂದು ತಾಯಿಯನ್ನು ಏನೋ ಕೇಳಿದರಂತೆ. ಮಳೆಯ ಸದ್ದಿನಲ್ಲಿ, ಬಾರದ ಭಾಷೆಯಲ್ಲಿ, ತಾಯಿಗೆ ಅರ್ಥವಾಗಲಿಲ್ಲ. ‘ಆಯಿತು, ಆಯಿತು’ ಎಂಬಂತೆ ತಲೆಯಾಡಿಸಿ, ಇರಚಲು ಒಳಗೆ ಬಾರದಿರಲೆಂದು ಕಿಟಕಿ ಮುಚ್ಚಿದರು. ಅಜ್ಜಿಯನ್ನು ಮರುದಿನ ನೀರಿನಿಂದ ಎತ್ತಿ ತಂದರು. ಆಕೆ ಕೆಲವು ವಾರಗಳ ನಂತರ ಮಗನ ಮನೆಯಲ್ಲಿ ತೀರಿಕೊಂಡರು. ‘ಮೇಲಕ್ಕೆ ಕರ್ಕೊಂಡು ಹೋಗು ಅಂತ ಕೇಳಿದ್ರೋ ಏನೋ ಕಣೋ. ನಾನು ಕಿಟಕಿ ಹಾಕಿಬಿಟ್ಟೆ’ ಎಂದು ತಾಯಿ ನನ್ನ ಕಡೆ ನೋಡಿದರು. ಮೂರು ವರ್ಷ ಅವರನ್ನು ಕಾಡಿದ್ದು ನೀರಲ್ಲ, ಆ ಕಿಟಕಿ. ಅಜ್ಜಿ ಕೇಳಿದ್ದೇನೆಂಬುದು ಇಂದಿಗೂ ಯಾರಿಗೂ ತಿಳಿಯದು.

ವೈದ್ಯೆಯು ‘ನಿಮ್ಮದೇನೂ ತಪ್ಪಿಲ್ಲ’ ಎಂದು ಥಟ್ಟನೆ ಹೇಳಿ ಮುಗಿಸಲಿಲ್ಲ. ಹಲವು ಭೇಟಿಗಳಲ್ಲಿ ಆ ರಾತ್ರಿಯನ್ನು ಮೊದಲಿನಿಂದ ಕೊನೆಯವರೆಗೆ, ಗಂಟೆಯ ಮೇಲೆ ಗಂಟೆಯಾಗಿ ಹೇಳಿಸಿದರು. ಆಗ ತಿಳಿದಿದ್ದುದನ್ನೂ ಅನಂತರ ತಿಳಿದುದನ್ನೂ ಬೇರ್ಪಡಿಸಿ ನೋಡುವುದನ್ನು ಕಲಿಸಿದರು. ನಿದ್ರೆಯ ಮಾತ್ರೆಯನ್ನು ಕ್ರಮಕ್ರಮವಾಗಿ ಬಿಡಿಸಿದರು. ಒಂದು ವರ್ಷದೊಳಗೆ ದಿಂಬಿನ ಕೆಳಗಿನ ಚೀಲ ಬೀರುವಿಗೆ ಹೋಯಿತು.

7. ಮಾಡತಕ್ಕದ್ದು ಮತ್ತು ಮಾಡಬಾರದ್ದು

1. ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ‘ಮಾನಸಿಕ ಪ್ರಥಮ ಚಿಕಿತ್ಸೆ’ಗೆ ಮೂರು ಸೂತ್ರಗಳನ್ನು ಕೊಟ್ಟಿತು: ನೋಡು, ಕೇಳು, ಜೋಡಿಸು. ಯಾರಿಗೆ ಏನು ಬೇಕೆಂದು ನೋಡಬೇಕು. ಅವರು ಹೇಳಿದ್ದನ್ನು ಕೇಳಬೇಕು. ಬೇಕಾದ ನೆರವಿಗೆ ಅವರನ್ನು ಜೋಡಿಸಬೇಕು. ಇದನ್ನು ಮಾಡಲು ವೈದ್ಯರೇ ಆಗಬೇಕೆಂದಿಲ್ಲ.

2. ಒತ್ತಾಯಪಡಿಸಿ ಹೇಳಿಸಬಾರದು. ಆಘಾತವಾದ ಒಡನೆಯೇ ಎಲ್ಲರನ್ನೂ ಕೂಡಿಸಿ ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸಿಬಿಡುವ ಪದ್ಧತಿಯಿಂದ ಹಿತವಾಗುವುದಿಲ್ಲವೆಂದು ಈಗ ತಿಳಿದಿದೆ. ಹೇಳಬೇಕೆನಿಸಿದಾಗ ಕೇಳಲು ಯಾರಾದರೂ ಇರಬೇಕು, ಅಷ್ಟೆ.

3. ‘ಮರೆತುಬಿಡಿ’, ‘ಬೇರೆಯವರಿಗೆ ಇದಕ್ಕಿಂತ ಹೆಚ್ಚಾಗಿದೆ’, ‘ಗಂಡಸಾಗಿ ಅಳಬೇಡ’ - ಈ ಮಾತುಗಳನ್ನು ಬಿಡುವುದು ಒಳ್ಳೆಯದು. ಇವು ಸಮಾಧಾನವಲ್ಲ, ಬಾಯಿ ಮುಚ್ಚಿಸುವ ಉಪಾಯಗಳು.

4. ಮಕ್ಕಳು ಮಾತಿಗಿಂತ ಆಟದಲ್ಲಿ, ಚಿತ್ರದಲ್ಲಿ ಹೇಳುತ್ತಾರೆ. ಹಾಸಿಗೆ ಒದ್ದೆ ಮಾಡುವುದು, ಶಾಲೆಗೆ ಹೋಗಲೊಲ್ಲದಿರುವುದು, ತಾಯಿಯ ಸೆರಗು ಬಿಡದಿರುವುದು ಇವನ್ನು ಹಟವೆಂದು ದಂಡಿಸಬಾರದು. ಊಟ, ನಿದ್ರೆ, ಪಾಠಗಳ ನಿತ್ಯಕ್ರಮವನ್ನು ಬೇಗನೆ ಮರಳಿ ತರಬೇಕು.

5. ನಿದ್ರೆಯ ಮಾತ್ರೆಗಳನ್ನು ಸ್ವಂತ ತೀರ್ಮಾನದಿಂದ ತೆಗೆದುಕೊಳ್ಳಬಾರದು. ತೆಗೆದುಕೊಳ್ಳುತ್ತಿರುವುದನ್ನು ಹಠಾತ್ತನೆ ಬಿಡಲೂಬಾರದು. ಆಘಾತದ ಮೊದಲ ತಿಂಗಳಲ್ಲಿ ಬೆಂಜೊಡಯಜೆಪೀನ್ ವರ್ಗದ ಮಾತ್ರೆಗಳನ್ನು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಹೇಳುತ್ತದೆ. ಈ ಬೇನೆಗೆ ಮುಖ್ಯ ಚಿಕಿತ್ಸೆ ತರಬೇತಾದವರೊಡನೆ ನಡೆಯುವ ಮಾತಿನ ಚಿಕಿತ್ಸೆ. ಅಗತ್ಯವಿದ್ದವರಿಗೆ ಖಿನ್ನತೆಗೆ ಕೊಡುವ ಕೆಲವು ಔಷಧಿಗಳೂ ಉಪಯುಕ್ತ.

6. ಒಂದು ತಿಂಗಳಾದರೂ ಲಕ್ಷಣಗಳು ಇಳಿಯದಿದ್ದರೆ ಮನೋವೈದ್ಯರನ್ನು ಕಾಣತಕ್ಕದ್ದು. ಬದುಕು ಬೇಡವೆಂಬ ಮಾತು ಬಂದರೆ ಅಂದೇ ಕಾಣಬೇಕು, ಅವರನ್ನು ಒಬ್ಬರನ್ನೇ ಬಿಡಬಾರದು. ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ ಸಂಖ್ಯೆ 14416. ಶುಲ್ಕವಿಲ್ಲ, ಕನ್ನಡವೂ ಅದರ ಭಾಷೆಗಳಲ್ಲೊಂದು. ವಯಸ್ಸಾದವರ ಫೋನಿನಲ್ಲಿ ಈ ಸಂಖ್ಯೆಯನ್ನು ಸೇರಿಸಿಡಿ.

7. ಬ್ಯಾಂಕಿನವನಾಗಿ ಒಂದು ಮಾತು. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ, ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆಯ ಸೌಲಭ್ಯವನ್ನು ಕೊಡಬೇಕು. ನಿಮ್ಮ ಪಾಲಿಸಿಯ ಷರತ್ತುಗಳನ್ನು ಒಮ್ಮೆ ಓದಿ ನೋಡಿ.

ಮನೋವೈದ್ಯರಲ್ಲಿಗೆ ಹೋಗಲು ನಾಚಿಕೆಪಡುವವರು ಒಂದು ಸಂಗತಿಯನ್ನು ನೆನೆಯಬಹುದು. ಭಾರತದ ಮೊದಲ ಮಹಿಳಾ ಮನೋವೈದ್ಯೆಯೆಂದು ಹೆಸರಾದ ಡಾ. ಶಾರದಾ ಮೆನನ್ ಹುಟ್ಟಿದ್ದು 1923ರಲ್ಲಿ, ನಮ್ಮ ಮಂಗಳೂರಿನಲ್ಲಿ. ಅವರು ಬೆಂಗಳೂರಿನಲ್ಲಿ ತರಬೇತಿ ಪಡೆದು, ಚೆನ್ನೈಯ ಸರ್ಕಾರಿ ಮಾನಸಿಕ ಆಸ್ಪತ್ರೆಯನ್ನು ದೀರ್ಘಕಾಲ ಮುನ್ನಡೆಸಿ, 1984ರಲ್ಲಿ ‘ಸ್ಕಾರ್ಫ್’ ಸಂಸ್ಥೆಯನ್ನು ಸ್ಥಾಪಿಸಿದರು. ಕನ್ನಡನಾಡಿನಲ್ಲಿ ಹುಟ್ಟಿ ಚೆನ್ನೈಯನ್ನು ತಮ್ಮದಾಗಿಸಿಕೊಂಡ ಆ ಮಹನೀಯರು ತಮ್ಮ ಇಡೀ ಆಯುಷ್ಯವನ್ನು ಮನಸ್ಸಿನ ರೋಗಿಗಳ ಮಾನವನ್ನು ಉಳಿಸಲು ಕಳೆದರು.

8. ಉಪಸಂಹಾರ

ನಮ್ಮ ಸಂಘದಲ್ಲಿ ರಾಜ್ಯೋತ್ಸವ ನಡೆಯುತ್ತದೆ, ಯುಗಾದಿಯ ಊಟ ನಡೆಯುತ್ತದೆ, ನಾಟಕವಾಗುತ್ತದೆ. ಇವೆಲ್ಲ ಬೇಕು. ಇವುಗಳ ಜೊತೆಗೆ, ತಿಂಗಳಿಗೊಂದು ಸಂಜೆ, ಹಿರಿಯರು ಕುಳಿತು ತಮಗೆ ಬೇಕಾದುದನ್ನು ಕನ್ನಡದಲ್ಲಿ ಹೇಳಿಕೊಳ್ಳಲು, ಉಳಿದವರು ಕೇಳಲು ಒಂದು ಜಗಲಿಯಂತಹ ಏರ್ಪಾಡು ಆದರೆ ಅದಕ್ಕೆ ಹಣ ಬೇಡ, ವೇದಿಕೆ ಬೇಡ. ನಾಲ್ಕು ಕುರ್ಚಿಗಳು ಸಾಕು. ಕಾರ್ಯಕಾರೀ ಸಮಿತಿಯವರು ಆಲೋಚಿಸಬೇಕೆಂದು ವಿನಂತಿ. ಅದರಂತೆಯೇ ನೆರೆಯ ತಮ್ಮ ತಮಿಳು ಬಂಧುಗಳ ಮಾತನ್ನು ಹಿರಿಯರಿಗೆ ಸ್ವಲ್ಪಮಟ್ಟಿಗಾದರೂ ಕಲಿಸುವುದು ನಮ್ಮ ಕರ್ತವ್ಯ. ಯಾರ ಕಿಟಕಿಯ ಬಳಿ ಯಾರು ಬಂದು ಏನು ಕೇಳುವರೋ ಬಲ್ಲವರಾರು?

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದು ಚೆನ್ನೈ ಮತ್ತೆ ನೀರಿನಲ್ಲಿ ನಿಂತಿತು. ಆ ರಾತ್ರಿ ಕರೆಂಟು ಹೋಗಿತ್ತು. ನನ್ನ ತಾಯಿ ಹಾಸಿಗೆಯಿಂದ ಎದ್ದು ನನ್ನ ಕೋಣೆಯ ಬಾಗಿಲಿಗೆ ಬಂದು, ‘ಹೆದರಿಕೆ ಆಗ್ತಿದೆ ಕಣೋ. ಸ್ವಲ್ಪ ಹೊತ್ತು ಬಂದು ಕೂತ್ಕೊ’ ಎಂದರು. ನಾನು ಹೋಗಿ ಕುಳಿತೆ. ಅವರು ಪಕ್ಕದ ಮನೆಯ ಆ ಅಜ್ಜಿಯ ವಿಷಯವನ್ನು ಮತ್ತೊಮ್ಮೆ ಹೇಳಿದರು. ನಾನು ಮತ್ತೊಮ್ಮೆ ಕೇಳಿದೆ. ಬೆಳಗಿನ ಜಾವಕ್ಕೆ ಅವರಿಗೆ ನಿದ್ರೆ ಹತ್ತಿತು. ಅವರ ಭಯ ಪೂರ್ತಿ ಹೋಗಿಲ್ಲ. ಆದರೆ ಅದು ಈಗ ಮಾತಾಗಿದೆ, ಅದನ್ನು ಕೇಳಲು ಒಬ್ಬ ಮಗನಿದ್ದಾನೆ. ಓದುಗರೆಲ್ಲರ ಮನೆಗಳಲ್ಲಿಯೂ ಅಂತಹ ರಾತ್ರಿಗಳಲ್ಲಿ ಎದ್ದು ಬಂದು ಕೂರುವವರು ಒಬ್ಬರಾದರೂ ಇರಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.